ಹಸನವ್ವ ಮತ್ತು ಉಸಿರಿನ ಬೆಲ್ಟು

ನಮ್ಮ ಆಫೀಸಿನಲ್ಲಿ ಹಸನವ್ವನಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ. ಬೈಯುವವರಲ್ಲಿ ಮೊದಲನೆಯವನು ಮೃತ್ಯುಂಜಯ ಕೋಳಿವಾಡ. ಬೆಲ್ಟಿನ ಪ್ರೋಗ್ರಾಂ ಬರೆಯುವ ತಂಡಕ್ಕೆ ಅವನೇ ಮುಖ್ಯಸ್ಥ. ಕೀಬೋರ್ಡಿನ ಮೇಲೆ ಕೈ ಇಟ್ಟರೆ ಆಳು ಮಾಯ. ಊಟಕ್ಕೆ ಕರೆದರೂ ಕೇಳಿಸದು, ಫೋನು ಬಡಿದುಕೊಂಡರೂ ಕೇಳಿಸದು. ಅಂಥವನಿಗೆ ಪ್ರತಿ ಕೆಲಸದ ಕೊನೆಗೂ ಒಬ್ಬಳು ಎದುರು ನಿಂತು "ಇದು ಯಾಕೆ?" ಎಂದು ಕೇಳಿದರೆ ಮೈಯೆಲ್ಲ ಉರಿಯದೆ ಇರುತ್ತದೆಯೇ?

ಹಸನವ್ವ ಅಂದರೆ ಹೆಂಗಸಲ್ಲ. ಕೋಡ್ ಬರೆಯುವವರಿಗೆ ನೆರವಾಗುವ ಕೃತಕ ಬುದ್ಧಿ. ತಂದಾಗ ಅದಕ್ಕೊಂದು ಉದ್ದನೆಯ ಹೆಸರಿತ್ತು, ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ತಸ್ಲೀಮಾ ನದಾಫ ಎಂಬ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಎರಡು ದಿನ ಅದರ ಕೆಲಸ ನೋಡಿ, "ನಮ್ಮಜ್ಜಿ ಕಲ್ಲು ಕಸಾ ಆರಿಸಿ ಜ್ವಾಳಾ ಹಸನ ಮಾಡಿದಂಗ ಮಾಡತೈತಿ ನೋಡ್ರಿ" ಅಂದಳು. ಹೆಸರು ಅಂದೇ ಅಂಟಿತು.

ಅದರ ಕೆಲಸವೂ ಅದೇ. ಪ್ರೋಗ್ರಾಮಿನಲ್ಲಿ ಏನಾದರೂ ಬದಲಾಯಿಸಿದವರು ಆ ಬದಲಾವಣೆಯನ್ನು ಮೂಲ ಪ್ರೋಗ್ರಾಮಿಗೆ ಸೇರಿಸಬೇಕು, ಜೊತೆಗೆ ಏನು ಮಾಡಿದೆ ಎಂದು ಒಂದೆರಡು ಸಾಲು ಬರೆಯಬೇಕು. ಇದಕ್ಕೆ ಕಮಿಟ್ ಎನ್ನುತ್ತಾರೆ. ಒಂದು ಕಮಿಟ್‌ನಲ್ಲಿ ಒಂದೇ ಕೆಲಸ ಇರಬೇಕು, ಅದು ಯಾಕೆ ಎನ್ನುವುದು ಓದಿದವರಿಗೆ ತಿಳಿಯಬೇಕು, ಇದು ಹಸನವ್ವನ ಹಟ. ಅದು ಒಪ್ಪದೆ ಯಾವ ಬದಲಾವಣೆಯೂ ಬೆಲ್ಟಿಗೆ ಹೋಗಬಾರದೆಂದು ನಮ್ಮ ಕಂಪನಿಯ ಮಾಲೀಕರು ನಿಯಮ ಮಾಡಿಬಿಟ್ಟಿದ್ದರು.

ನನಗೆ ಕೋಡ್ ಬರೆಯಲು ಬರುವುದಿಲ್ಲ, ಬರೆಯುವವರ ಜಗಳ ನೋಡಲು ಬರುತ್ತದೆ. ನಾನು ಇಂದುಮತಿ ಮುಳಗುಂದ. ಬೆಲ್ಟಿನ ಮೈ ನನ್ನದು: ಬಟ್ಟೆ, ಹೊಲಿಗೆ, ಒಳಗೆ ಕೂರುವ ಸೆನ್ಸರುಗಳು, ಬಂದವರಿಗೆ ಅಳತೆ ನೋಡಿ ಕಟ್ಟುವುದು. ಬೆಲ್ಟಿನ ತಲೆ ಮೃತ್ಯುಂಜಯನದು. ಮೈಗೂ ತಲೆಗೂ ಎಲ್ಲ ಮನೆಗಳಲ್ಲಿ ಇರುವಷ್ಟೇ ಜಗಳ ನಮ್ಮಲ್ಲೂ ಉಂಟು.

ಬೆಲ್ಟು ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದರೆ ಉಸಿರು ಒಳಗೆ, ಮೇಲೇರಿದರೆ ಹೊರಗೆ. ಕೆಲವರಿಗೆ ಆ ಸ್ನಾಯುವಿಗೆ ಹೋಗುವ ನರ ಸೋತಿರುತ್ತದೆ. ನಮ್ಮ ಬೆಲ್ಟು ಪಕ್ಕೆಲುಬಿನ ಕೆಳಗೆ ಸುತ್ತಿಕೊಂಡು ಕೂತು, ಉಸಿರು ಬೇಕಾದಾಗ ಆ ನರಕ್ಕೆ ಸಣ್ಣದೊಂದು ವಿದ್ಯುತ್ತಿನ ತಿವಿತ ಕೊಡುತ್ತದೆ. ವಪೆ ಇಳಿಯುತ್ತದೆ, ಮನುಷ್ಯ ಉಸಿರಾಡುತ್ತಾನೆ. ಎಡಬದಿಗೆ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಕೈಯಿಂದಲೇ ಉಸಿರು ಕೊಡಬಹುದು. ಹುಬ್ಬಳ್ಳಿಯ ನಮ್ಮ ಸಣ್ಣ ಕಟ್ಟಡದಲ್ಲಿ ತಯಾರಾದ ಬೆಲ್ಟನ್ನು ಬೀದರಿನಿಂದ ಕಾರವಾರದವರೆಗೆ ನೂರಾರು ಜನ ಕಟ್ಟಿಕೊಂಡು ತಿರುಗುತ್ತಿದ್ದಾರೆ ಎಂದರೆ ನನಗೆ ಈಗಲೂ ಹೆಮ್ಮೆ.

ಆ ನೂರಾರು ಜನರಲ್ಲಿ ಒಬ್ಬರು ನನ್ನ ಯಜಮಾನರು, ಶ್ರೀಶೈಲ. ಇವರು ಕುಸ್ತಿ ಕಣದಲ್ಲಿ ಮೈಕು ಹಿಡಿದು ವರ್ಣನೆ ಹೇಳುತ್ತಿದ್ದವರು. ಇಬ್ಬರು ಪೈಲವಾನರು ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರೂ ಇವರ ಬಾಯಲ್ಲಿ ಅದೊಂದು ಯುದ್ಧ. ಜನ ಕುಸ್ತಿ ನೋಡಲು ಬರುತ್ತಿದ್ದರೋ ಇವರ ಮಾತು ಕೇಳಲು ಬರುತ್ತಿದ್ದರೋ ಹೇಳುವುದು ಕಷ್ಟವಿತ್ತು. ಆಮೇಲೆ ಒಂದು ಜ್ವರ ಬಂತು, ನರಗಳಿಗೆ ಇಳಿಯಿತು, ಉಸಿರು ಹೋಯಿತು. ಬೆಲ್ಟು ಉಸಿರು ವಾಪಸ್ ಕೊಟ್ಟಿತು, ಮಾತನ್ನು ಕೊಡಲಿಲ್ಲ. ಯಾಕೆಂದರೆ ಬೆಲ್ಟಿಗೆ ಇವರು ಮಾತಾಡುತ್ತಿದ್ದಾರೋ ಸುಮ್ಮನಿದ್ದಾರೋ ಗೊತ್ತಾಗುತ್ತಿರಲಿಲ್ಲ. "ಕೊಲ್ಹಾಪುರದ ಪೈಲವಾನ" ಎನ್ನುವಷ್ಟರಲ್ಲಿ "ಕೊಲ್ಹಾ" ಎಂಬಲ್ಲಿ ಉಸಿರು ಎಳೆದುಬಿಡುತ್ತಿತ್ತು. ಎರಡು ವರ್ಷ ಇವರು ತುಂಡು ತುಂಡು ಮಾತಾಡಿದರು. ಆಮೇಲಾಮೇಲೆ ಮಾತೇ ಕಡಿಮೆಯಾಯಿತು. ಊಟವನ್ನೂ ಮೌನವಾಗಿಯೇ ಮಾಡುತ್ತಿದ್ದರು.

ಇದಕ್ಕೆ ಮದ್ದು ಕಂಡುಹಿಡಿದವನು ಮೃತ್ಯುಂಜಯನೇ. ಗಂಟಲಿನ ಹತ್ತಿರ ಒಂದು ಪುಟ್ಟ ಸೆನ್ಸರು ಇಟ್ಟು, ಅಲ್ಲಿ ಅದುರಿದರೆ ಮಾತು ನಡೆದಿದೆ ಎಂದು ತಿಳಿದು, ಮಾತು ನಿಲ್ಲುವವರೆಗೆ ಉಸಿರು ಎಳೆಯದೆ ತಾಳಬೇಕೆಂದು ಬೆಲ್ಟಿಗೆ ಕಲಿಸಿದ. ಅದೇ ವಾರ ಇನ್ನೊಂದು ಕೆಲಸವನ್ನೂ ಮುಗಿಸಿದ. ಅಥಣಿಯಲ್ಲಿ ಆರೋಹಿ ಎಂಬ ಪುಟ್ಟ ಹುಡುಗಿ ಇದ್ದಾಳೆ. ನಿದ್ದೆ ಹತ್ತಿದರೆ ಅವಳ ಮೈ ಉಸಿರಾಡುವುದನ್ನೇ ಮರೆಯುತ್ತದೆ. ಎದೆ ತುಸು ಅಲುಗಿದರೂ ನಮ್ಮ ಹಳೆಯ ಪ್ರೋಗ್ರಾಂ 'ಓ, ತಾನೇ ಉಸಿರಾಡಿದಳು' ಎಂದು ಸುಮ್ಮನಾಗುತ್ತಿತ್ತು. ಅವಳ ತಾಯಿ ಭಾಗ್ಯಶ್ರೀ ಮಗು ಮಲಗಿದಾಗೆಲ್ಲ ಗುಂಡಿಯ ಮೇಲೆ ಕೈ ಇಟ್ಟು ಎಚ್ಚರ ಕೂರುತ್ತಿದ್ದಳು. ಅಷ್ಟು ಸಣ್ಣ ಅಲುಗಾಟವನ್ನು ಉಸಿರೆಂದು ಲೆಕ್ಕಕ್ಕೆ ಹಿಡಿಯಬಾರದು ಎಂದು ಮೃತ್ಯುಂಜಯ ತಿದ್ದಿದ.

ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನದೊಂದು ಪದ್ಧತಿ ಇತ್ತು. ಶುಕ್ರವಾರ ಸಂಜೆ ಗಿರಮಿಟ್ಟು ತರಿಸಬೇಕು, ಅದು ಬರುವಷ್ಟರಲ್ಲಿ ವಾರವಿಡೀ ಮಾಡಿದ್ದನ್ನೆಲ್ಲ ಒಂದೇ ಗಂಟು ಕಟ್ಟಿ ಒಳಗೆ ತಳ್ಳಿಬಿಡಬೇಕು. ವಿವರದ ಜಾಗದಲ್ಲಿ 'ಸಣ್ಣಪುಟ್ಟ ಬದಲಾವಣೆ' ಎಂದು ಬರೆದರೆ ಮುಗಿಯಿತು. ತಂಡದವರೆಲ್ಲ ಅದನ್ನೇ ಕಲಿತಿದ್ದರು.

ಆ ಶುಕ್ರವಾರವೂ ಹಾಗೇ ಮಾಡಲು ಹೋದ. ಪರದೆಯ ಮೇಲೆ ಹಸನವ್ವನ ಅಕ್ಷರ ಮೂಡಿತು: "ಈ ಕಮಿಟ್‌ನಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಬಿಡಿಸಿ ಕೊಡಲೇ?"

"ಬ್ಯಾಡ," ಎಂದ ಮೃತ್ಯುಂಜಯ, ಪರದೆಗೆ ಕಿವಿ ಇದ್ದ ಹಾಗೆ.

ತಸ್ಲೀಮಾ ಅವನ ಹೆಗಲ ಮೇಲಿಂದ ಇಣುಕಿದಳು. "ಸರ್, ಇದು ಕಮಿಟ್ ಅಲ್ರೀ. ಗಿರಮಿಟ್. ಚುರಮರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಎಲ್ಲಾ ಕಲಸಿಬಿಟ್ಟೀರಿ."

"ನೀ ಸುಮ್ನಿರವಾ. ಮೊದ್ಲ ಆಕಿನ್ನ ತಾಳಿಕೊಳ್ಳೋದ ಸಾಕಾಗೇತಿ."

ಹಸನವ್ವ ಮುಂದುವರಿಸಿತು. "ಆರೋಹಿಗಾಗಿ ಮಾಡಿದ ಬದಲಾವಣೆ, ಮಾತಿಗಾಗಿ ಮಾಡಿದ ಬದಲಾವಣೆ, ಎರಡೂ ಉಸಿರಿನ ಹೊತ್ತು ಎಣಿಸುವ ಒಂದೇ ಗಡಿಯಾರವನ್ನು ನೋಡುತ್ತಿವೆ. ಮುಂದೆ ಒಂದನ್ನು ತೆಗೆಯಬೇಕಾಗಿ ಬಂದರೆ ಇನ್ನೊಂದೂ ಕಿತ್ತು ಬರುತ್ತದೆ. ಎರಡಕ್ಕೂ ಬೇರೆ ಗಡಿಯಾರ ಕೊಟ್ಟು ಎರಡು ಕಮಿಟ್ ಮಾಡಬಹುದು. ಹೇಗೆಂದು ತೋರಿಸಲೇ?"

"ತಗಿಯೋದು ಯಾಕ? ಹಾಕೋದೇ ತಗಿಯಾಕೇನು?" ಎಂದು ಕೂಗಾಡಿದ. ಕೂಗಾಡಿ ಏನು ಮಾಡುವುದು? ಹಸನವ್ವ ಬಾಗಿಲು ತೆರೆಯಲಿಲ್ಲ. ಗಿರಮಿಟ್ಟು ಬಂತು, ಮೆತ್ತಗಾಯಿತು. ಕೊನೆಗೆ ಹಲ್ಲು ಕಚ್ಚಿಕೊಂಡು ಹಸನವ್ವ ಬಿಡಿಸಿ ತೋರಿಸಿದ ನಾಲ್ಕನ್ನೂ ಒಂದೊಂದಾಗಿ ಓದಿದ. ಓದುತ್ತ ಓದುತ್ತ ಅವನ ಹುಬ್ಬು ಸ್ವಲ್ಪ ಸಡಿಲಾದದ್ದನ್ನು ನಾನು ನೋಡಿದೆ. ಅಷ್ಟು ಚೊಕ್ಕಟವಾಗಿ ಬಿಡಿಸಿತ್ತು. ಒಪ್ಪಿಕೊಳ್ಳಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ.

ಆಮೇಲೆ ಪ್ರತಿಯೊಂದಕ್ಕೂ ಅದೇ ಪ್ರಶ್ನೆ: ಇದು ಯಾಕೆ? ಮಾತಿನ ಬದಲಾವಣೆಗೆ ಮೃತ್ಯುಂಜಯ 'ಬೇಕಾಗಿತ್ತು' ಎಂದು ಬರೆದ. "ಯಾರಿಗೆ ಬೇಕಾಗಿತ್ತು, ಅವರಿಗೆ ಏನು ತೊಂದರೆ ಇತ್ತು ಎಂದು ಬರೆದರೆ ಮುಂದೆ ಓದುವವರಿಗೆ ಅನುಕೂಲ," ಎಂದಿತು ಹಸನವ್ವ, ಒಂದಿಷ್ಟೂ ಬೇಸರ ಇಲ್ಲದೆ.

ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ನೀವರ ಹೇಳ್ರಿ. ಮಾಮಾರಿಗೆ ಏನ್ ತ್ರಾಸ ಇತ್ತು?"

"ಮಾತಾಡಾಕತ್ತಾಗ ನಡುವ ಉಸಿರು ಜಗ್ಗತಿತ್ತು. ಮಾತು ತುಂಡ ತುಂಡ ಆಗತಿತ್ತು. ಅದಕ್ಕ ಮಾತಾಡೋದ ಬಿಟ್ಟುಬಿಟ್ಟಿದ್ರು," ಎಂದೆ. ಮೃತ್ಯುಂಜಯ ತಲೆ ಎತ್ತಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ. ಹಸನವ್ವ ಒಪ್ಪಿತು.

ಟೆಸ್ಟ್ ಕೋಣೆಯಲ್ಲಿ ಎಷ್ಟೋ ಮಂದಿಯ ಮೇಲೆ ಪರೀಕ್ಷೆಯಾದ ಮೇಲೆ ಹೊಸ ಪ್ರೋಗ್ರಾಂ ಎಲ್ಲರ ಬೆಲ್ಟಿಗೂ ಹೋಯಿತು. ನಮ್ಮ ಮನೆಗೆ ಮಾತು ವಾಪಸ್ ಬಂತು. ಬಂದದ್ದು ಸುಮ್ಮನೆ ಬರಲಿಲ್ಲ, ಎರಡು ವರ್ಷದ ಬಾಕಿ ಸೇರಿಸಿಕೊಂಡು ಬಂತು. ಇವರು ಹಲ್ಲುಜ್ಜುವಾಗ ಮಾತು, ಸ್ನಾನಕ್ಕೆ ಹೋದರೆ ಒಳಗಿಂದ ಮಾತು. ನಾನು ರೊಟ್ಟಿ ಬಡಿಯುತ್ತಿದ್ದರೆ ಬಾಗಿಲಲ್ಲಿ ನಿಂತು, ಸೌಟನ್ನು ಮೈಕಿನಂತೆ ಹಿಡಿದು, "ಹಾ ನೋಡ್ರಿ ಮಹಾಜನಗಳೇ, ಮುಳಗುಂದದ ಇಂದುಮತಿ ಪೈಲವಾನರು ಹಿಟ್ಟನ್ನ ಎತ್ತಿದರು, ತಿರುಗಿಸಿದರು, ಒಂದೇ ಡಾವಿನಾಗ ಚಿತ್ ಮಾಡಿಬಿಟ್ಟರು!" ಎನ್ನುತ್ತಿದ್ದರು. ಒಂದೇ ಉಸಿರಿನಲ್ಲಿ! ನಾನು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ. ಮುಂದಿನ ಭಾನುವಾರದ ಕುಸ್ತಿಗೆ ವರ್ಣನೆ ಹೇಳಲು ಇವರನ್ನು ಕರೆದಿದ್ದರು. ತಲೆಗೆ ಸುತ್ತುವ ಹಳೆಯ ಹಳದಿ ಪಟಕಾ ಇಸ್ತ್ರಿಯಾಗಿ ಬಂದು ಗೂಟಕ್ಕೆ ತೂಗುತ್ತಿತ್ತು.

ಅಥಣಿಯಿಂದ ಭಾಗ್ಯಶ್ರೀ ಫೋನ್ ಮಾಡಿದ್ದಳು. "ಮೇಡಂ, ನಿನ್ನೆ ರಾತ್ರಿ ನಾ ಮಲಗಿದೆ," ಎಂದಳು. ಅಷ್ಟು ಹೇಳಿ ಅತ್ತುಬಿಟ್ಟಳು.

ಕುಸ್ತಿಗೆ ಇನ್ನೊಂದು ವಾರವಿದೆ ಎನ್ನುವಾಗ, ಭಾನುವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಮೃತ್ಯುಂಜಯ ಹಸನವ್ವನ ಮುಂದೆ ಹೇಗೆ ಗೋಗರೆದ ಎಂದು ನಾನು ಅಭಿನಯ ಮಾಡಿ ತೋರಿಸುತ್ತಿದ್ದೆ. "ಯವ್ವಾ, ನಿನ್ನ ಕಾಲು ಬೀಳ್ತೀನಿ, ಗಿರಮಿಟ್ಟು ಮೆತ್ತಗಾಗಾಕತ್ತೈತಿ, ಒಳಗ ಬಿಡು," ಎಂದು ಕೈ ಮುಗಿದೆ. ಇವರಿಗೆ ನಗು ಬಂತು. ಎರಡು ವರ್ಷದಲ್ಲಿ ಇವರು ಅಂಥ ನಗು ನಕ್ಕಿರಲಿಲ್ಲ. ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿ, ಭುಜ ಕುಣಿಸಿ ನಕ್ಕರು. ನನಗೂ ಹುರುಪು ಬಂತು, ಇನ್ನೊಂದಿಷ್ಟು ಉಪ್ಪು ಖಾರ ಹಚ್ಚಿದೆ. ಇವರ ನಗುವಿನಲ್ಲಿ ಸದ್ದು ಕಡಿಮೆಯಾಯಿತು, ಭುಜ ಕುಣಿಯುತ್ತಲೇ ಇತ್ತು. ಕಣ್ಣು ದೊಡ್ಡದಾಯಿತು. ತುಟಿಯ ಬಣ್ಣ ನೇರಳೆಗೆ ತಿರುಗಿತು. ಬೆಲ್ಟು ಕಿರ್ರೆಂದು ಚೀರಿತು. ಅಪಾಯ ಕಂಡರೆ ಚೀರುವುದಷ್ಟೇ ಅದಕ್ಕೆ ಗೊತ್ತು.

ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಂಗಿಯ ಮೇಲಿಂದಲೇ ಗುಂಡಿ ಹುಡುಕಿ ಒತ್ತಿದೆ. ಎದೆ ಉಬ್ಬಿತು. ಮತ್ತೆ ಒತ್ತಿದೆ. ಮೂರನೆಯದಕ್ಕೆ ಇವರ ಮುಖಕ್ಕೆ ಬಣ್ಣ ಬಂತು. ನಾನು ನೆಲದ ಮೇಲೆ ಕುಸಿದು ಕೂತು ಗಳಗಳ ಅತ್ತೆ.

ಅಳು ನಿಂತ ಮೇಲೆ ಹೊಳೆದದ್ದು ಇನ್ನೂ ಭಯಂಕರ. ಇದೇ ಪ್ರೋಗ್ರಾಂ ಎಲ್ಲರ ಬೆಲ್ಟಿನಲ್ಲೂ ಇದೆ. ಭಾನುವಾರ ಮಧ್ಯಾಹ್ನ. ಎಷ್ಟು ಮನೆಗಳಲ್ಲಿ ಊಟಕ್ಕೆ ಕೂತಿದ್ದಾರೋ, ಎಷ್ಟು ಜನ ಒಬ್ಬರೇ ಟಿ.ವಿ. ನೋಡುತ್ತಿದ್ದಾರೋ!

ಮೃತ್ಯುಂಜಯನಿಗೂ ತಸ್ಲೀಮಾಗೂ ಫೋನ್ ಮಾಡಿ, ಇವರನ್ನು ಆಟೋದಲ್ಲಿ ಕೂರಿಸಿಕೊಂಡು ಆಫೀಸಿಗೆ ಹೊರಟೆ. ಗುಂಡಿಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ರೀ, ಒಟ್ಟ ನಗಬ್ಯಾಡ್ರಿ," ಎಂದೆ.

"ನೀ ಹಂಗ ಗಂಟ ಮುಖಾ ಮಾಡ್ಕೊಂಡು ಹೇಳಿದ್ರ ಮತ್ತಿಷ್ಟು ನಗು ಬರತೈತಿ, ಇಂದೂ," ಎಂದರು.

ಕೊಂದುಬಿಡುವಷ್ಟು ಸಿಟ್ಟು ಬಂತು ನನಗೆ.

ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಒಂದು ಪರದೆ ಇದೆ. ಬೆಲ್ಟು ಕಟ್ಟಿಕೊಂಡ ಪ್ರತಿಯೊಬ್ಬರೂ ಅಲ್ಲೊಂದು ಚುಕ್ಕಿ. ಎಲ್ಲವೂ ಹಸಿರಾಗಿದ್ದವು. ನಾವು ಬಾಗಿಲು ದಾಟುವಾಗ ಒಂದು ಚುಕ್ಕಿ ಕೆಂಪಾಗಿ, ಮತ್ತೆ ಹಸಿರಾಯಿತು. ಬಳ್ಳಾರಿಯ ಯಾರೋ. ಅವರ ಪಕ್ಕದಲ್ಲೂ ಯಾರೋ ಇದ್ದರು, ಗುಂಡಿ ಒತ್ತಿದರು. ಮೃತ್ಯುಂಜಯನ ಮುಖ ಸುಣ್ಣದ ಗೋಡೆಯಂತಾಗಿತ್ತು.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಗಂಟಲಿನಲ್ಲಿ ಹೊಸ ಅದುರು ಬಂದಾಗಲೆಲ್ಲ ಬೆಲ್ಟು 'ಇನ್ನೊಂದು ಮಾತು ಶುರುವಾಯಿತು' ಎಂದು ತಿಳಿದು ಕಾಯುವುದನ್ನು ಮೊದಲಿಂದ ಶುರು ಮಾಡುತ್ತಿತ್ತು. ನಗುವಿನಲ್ಲಿ 'ಹ' ಎಂದರೆ ಒಂದು ಮಾತು, ಇನ್ನೊಂದು 'ಹ' ಎಂದರೆ ಇನ್ನೊಂದು ಮಾತು. ನಗು ಜೋರಾದಷ್ಟೂ ಬೆಲ್ಟು ಬಹಳ ಮರ್ಯಾದೆಯಿಂದ ಕಾಯುತ್ತಿತ್ತು.

"ಇಷ್ಟ ಮಂದಿಗೆ ಟೆಸ್ಟ್ ಮಾಡೇವಲ್ಲ, ಒಬ್ಬರರ ನಕ್ಕಿರಬೇಕಲ್ಲ?" ಎಂದಳು ತಸ್ಲೀಮಾ.

ನಾನು ಟೆಸ್ಟ್ ಕೋಣೆಯ ಬಾಗಿಲ ಕಡೆ ನೋಡಿದೆ. ಎಲ್ಲರೂ ನೋಡಿದರು. ಅಲ್ಲಿ ನಾನೇ ತೂಗುಹಾಕಿದ ಬೋರ್ಡಿತ್ತು: 'ಅಲುಗಾಡಬೇಡಿ. ನಗಬೇಡಿ.' ಅಳತೆ ಕೆಡಬಾರದೆಂದು ಬಂದವರಿಗೆಲ್ಲ ಅದನ್ನೇ ಹೇಳುತ್ತೇವೆ. ಬಂದವರು ಸೆಟೆದು ಕೂತು ನಾವು ಕೊಟ್ಟ ಪಾಠವನ್ನು ಗಂಭೀರವಾಗಿ ಓದಿ ಹೋಗುತ್ತಾರೆ. ನಮ್ಮ ಪ್ರೋಗ್ರಾಂ ಹುಟ್ಟಿದಾಗಿನಿಂದ ಒಂದು ನಗುವನ್ನೂ ಕೇಳಿರಲಿಲ್ಲ.

"ಎಲ್ಲಾರಿಗೂ ಮೆಸೇಜ್ ಹಾಕೋಣ್ರಿ ಸರ್, ನಗಬ್ಯಾಡ್ರಿ ಅಂತ," ಎಂದಳು ತಸ್ಲೀಮಾ.

ಇವರು ಮೂಲೆಯ ಕುರ್ಚಿಯಿಂದ, "ನಗಬ್ಯಾಡ್ರಿ ಅಂತ ಮೆಸೇಜ್ ಬಂದ್ರ ಓದಿದವ್ರೆಲ್ಲಾ ಮೊದ್ಲ ನಗ್ತಾರವಾ," ಎಂದರು. ಯಾರೂ ನಗಲಿಲ್ಲ, ಆದರೆ ಅದು ನಿಜವಾಗಿತ್ತು.

"ಹಳೇ ಪ್ರೋಗ್ರಾಮಿಗೆ ಎಲ್ಲಾರ್ನೂ ವಾಪಸ್ ಕಳಸ್ತೀನಿ," ಎಂದ ಮೃತ್ಯುಂಜಯ. ಅದೇ ನಮ್ಮ ರೂಢಿ. ಏನಾದರೂ ಕೆಟ್ಟರೆ ಹಿಂದಿನ ವಾರದ್ದನ್ನೇ ಮತ್ತೆ ಹಾಕಿಬಿಡುವುದು. ಅವನ ಬೆರಳು ಆಗಲೇ ಅಲ್ಲಿತ್ತು.

"ಆರೋಹಿ!" ಎಂದು ಕೂಗಿದೆ.

ಹಳೆಯ ಪ್ರೋಗ್ರಾಮಿನಲ್ಲಿ ಆರೋಹಿಯ ನಿದ್ದೆಗೆ ಕಾವಲಿಲ್ಲ. ತಸ್ಲೀಮಾ ಪರದೆಯಲ್ಲಿ ಅವಳ ಚುಕ್ಕಿ ಹುಡುಕಿದಳು. ಚುಕ್ಕಿ ಮೀರಜಿನ ದಾರಿಯಲ್ಲಿ ಸಾಗುತ್ತಿತ್ತು, ಬಸ್ಸಿರಬೇಕು. ಪಕ್ಕದಲ್ಲಿ ಒಂದೇ ಪದ: ನಿದ್ದೆ. ಭಾಗ್ಯಶ್ರೀಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಎಷ್ಟೋ ತಿಂಗಳ ನಿದ್ದೆ ಬಾಕಿ ಇರುವ ತಾಯಿ, ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಾನೂ ಕಣ್ಣು ಮುಚ್ಚಿರುತ್ತಾಳೆ. ಬೆಲ್ಟು ನೋಡಿಕೊಳ್ಳುತ್ತದೆ ಎಂದು ಅವಳಿಗೆ ಧೈರ್ಯ ಹೇಳಿದವಳು ನಾನೇ.

ಹಳೆಯದನ್ನು ಹಾಕಿದರೆ ಮಲಗಿದ ಮಗು. ಹೊಸದನ್ನು ಬಿಟ್ಟರೆ ನಗುವವರೆಲ್ಲ.

"ತಾಳ್ರಿ, ಆ ಸಾಲು ಒಂದ ತಗದ್ರ ಆತು, ಕಾಯೋ ಸಾಲು," ಎಂದು ಮೃತ್ಯುಂಜಯ ಕೋಡಿನೊಳಗೆ ನುಗ್ಗಿದ. ಒಂದು ಸಾಲು ಅಳಿಸಿದ. ಹಸನವ್ವನ ಅಕ್ಷರ ಮೂಡಿತು.

"ಈ ಸಾಲು ಆರೋಹಿಯ ನಿದ್ದೆಯ ಗಡಿಯಾರದ್ದು, ಮಾತಿನದ್ದಲ್ಲ. ಎರಡರ ಹೆಸರೂ ಹೋಲುತ್ತವೆ. ನಿಮಗೆ ಬೇಕಾದದ್ದು ಮಾತಿನ ಕಮಿಟ್ ಒಂದನ್ನೇ ಹಿಂದಕ್ಕೆ ತೆಗೆಯುವುದು ಎಂದು ತೋರುತ್ತದೆ. ಅದು ಬೇರೆಯಾಗಿಯೇ ಇದೆ. ತೆಗೆದು, ಉಳಿದ ಟೆಸ್ಟ್‌ಗಳನ್ನು ಓಡಿಸಿ ತೋರಿಸಲೇ?"

ಮೃತ್ಯುಂಜಯ ಕೀಬೋರ್ಡಿನಿಂದ ಕೈ ಎತ್ತಿದ. ಬಿಸಿ ಹಂಚು ಮುಟ್ಟಿದವರು ಎತ್ತುವ ಹಾಗೆ ಎತ್ತಿದ. ಅಳಿಸಿದ ಸಾಲನ್ನು ವಾಪಸ್ ಹಾಕಿದ. "ತೋರ್ಸವಾ," ಎಂದ. ಅದುವರೆಗೆ ಅವನು ಆ ಯಂತ್ರಕ್ಕೆ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹಳೆಯ ಪಟ್ಟಿ ಪರದೆಯ ಮೇಲೆ ಬಂತು. ನಾಲ್ಕು ಕಮಿಟ್‌ಗಳು, ಒಂದರ ಕೆಳಗೊಂದು, ಯಾವುದು ಯಾರಿಗೆ ಎಂದು ನನ್ನಂಥವಳಿಗೂ ಓದಲು ಬರುವ ಹಾಗೆ. ಮೂರನೆಯದರಲ್ಲಿ ನನ್ನ ಮಾತೇ ಇತ್ತು: 'ಮಾತು ತುಂಡ ತುಂಡ ಆಗತಿತ್ತು. ಅದಕ್ಕ ಮಾತಾಡೋದ ಬಿಟ್ಟುಬಿಟ್ಟಿದ್ರು.' ಅದನ್ನೇ ತೆಗೆಯಬೇಕಾಗಿತ್ತು.

ಮೃತ್ಯುಂಜಯ ಇವರ ಕಡೆ ತಿರುಗಿದ. "ಮಾಮಾರ..." ಎಂದ. ಮುಂದಿನ ಭಾನುವಾರದ ಕುಸ್ತಿ ಅವನಿಗೂ ಗೊತ್ತಿತ್ತು, ತನಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ ಎಂದು ಇವರಿಗೆ ಹೇಳಿಯೂ ಇಟ್ಟಿದ್ದ.

ಇವರು ಪರದೆಯ ಮೇಲಿನ ಸಾಲನ್ನು ಓದಿದರು. ಗೋಡೆಯ ಮೇಲಿನ ಚುಕ್ಕಿಗಳನ್ನು ನೋಡಿದರು. "ತಗೀಪಾ," ಎಂದರು. "ಮಾತು ಎಲ್ಲಿ ಓಡಿ ಹೋಗತೈತಿ? ಮತ್ತ ಬರತೈತಿ. ಲಗೂನ ತಗಿ."

ಟೆಸ್ಟ್‌ಗಳು ಓಡಿದವು. ಆರೋಹಿಯ ನಿದ್ದೆಯ ಟೆಸ್ಟ್ ಸರಿ. ಬ್ಯಾಟರಿ ಸರಿ. ಹಸನವ್ವ ಕೊನೆಗೊಮ್ಮೆ, "ಕಳಿಸುವುದು ನಿಮ್ಮ ತೀರ್ಮಾನ," ಎಂದಿತು. ಮೃತ್ಯುಂಜಯ ಒತ್ತಿದ.

ಗೋಡೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮಿಟುಕಿ ಹೊಸದಾಗತೊಡಗಿದವು. ಬೀದರ, ಬಳ್ಳಾರಿ, ಶಿರಸಿ. ಮೀರಜಿನ ದಾರಿಯ ಚುಕ್ಕಿ ಮಿಟುಕಲಿಲ್ಲ. ಟವರ್ ಸಿಕ್ಕಿರಲಿಲ್ಲ. ತಿದ್ದಿದ ಪ್ರೋಗ್ರಾಂ ಅವಳ ನಿದ್ದೆಯನ್ನು ಕಾಯುತ್ತದೋ ಇಲ್ಲವೋ ಅದು ಮಿಟುಕಿದ ಮೇಲೆಯೇ ತಿಳಿಯಬೇಕಿತ್ತು. ತಸ್ಲೀಮಾ ನನ್ನ ಕೈ ಹಿಡಿದುಕೊಂಡಳು. ಯಾರೂ ಉಸಿರು ಬಿಡಲಿಲ್ಲ, ಬೆಲ್ಟು ಕಟ್ಟಿಕೊಂಡಿದ್ದ ಇವರನ್ನು ಬಿಟ್ಟು. ಆಮೇಲೆ ಆ ಚುಕ್ಕಿಯೂ ಮಿಟುಕಿತು, ಹಸಿರಾಗಿಯೇ ಉಳಿಯಿತು. ಪಕ್ಕದಲ್ಲಿ ಅದೇ ಪದ: ನಿದ್ದೆ. ಎಲ್ಲಿಯೂ ಎಚ್ಚರಾಗದೆ ಮಗು ಮೀರಜು ಮುಟ್ಟಿತು. ಭಾಗ್ಯಶ್ರೀ ಇಳಿದ ಮೇಲೆ ಫೋನ್ ಮಾಡಿ, "ಏನ್ ಮೇಡಂ, ಅಷ್ಟ ಸಲ ಹಚ್ಚಿದ್ರಿ?" ಎಂದು ಆರಾಮವಾಗಿ ಕೇಳಿದಳು.

ನನಗೆ ನಮ್ಮ ಹಳೆಯ ಶುಕ್ರವಾರದ ಗಂಟು ನೆನಪಾಯಿತು. ಅದನ್ನು ಹಾಗೇ ಒಳಗೆ ತಳ್ಳಿದ್ದರೆ? ಬಿಡಿಸಲು ದಿನಗಟ್ಟಲೆ ಬೇಕಾಗುತ್ತಿತ್ತು, ಅಷ್ಟು ದಿನ ಯಾರನ್ನು ನಗದಂತೆ, ಯಾರನ್ನು ಮಲಗದಂತೆ ತಡೆಯುವುದು? ಹಸನವ್ವನಿಗೆ ಅವತ್ತು ಇದೆಲ್ಲ ಗೊತ್ತಿರಲಿಲ್ಲ. ನಗು ಎಂದರೆ ಏನೆಂದು ಅದಕ್ಕೂ ಹೊಳೆದಿರಲಿಲ್ಲ, ಟೆಸ್ಟ್ ಎಲ್ಲ ಸರಿ ಇದೆ ಎಂದೇ ಅದೂ ಹೇಳಿತ್ತು. ಆದರೂ ಬರಬಹುದಾದ ಕೇಡಿಗೆ ಜಾಗ ಬಿಟ್ಟು ಕೆಲಸ ಮಾಡುವುದು ಅದಕ್ಕೆ ಗೊತ್ತಿತ್ತು. ನಮ್ಮಂಥ ಆತುರಗಾರರ ನಡುವೆ ಅಂಥ ತಾಳ್ಮೆ ಒಂದು ಇದ್ದದ್ದು ನಮ್ಮ ಪುಣ್ಯ ಎಂದು ನಾನು ಎಲ್ಲರ ಮುಂದೆಯೂ ಹೇಳುತ್ತೇನೆ.

ಮುಂದಿನ ಭಾನುವಾರ ಇವರು ಕುಸ್ತಿಗೆ ಹೋದರು, ಪ್ರೇಕ್ಷಕರಾಗಿ. ಹಳದಿ ಪಟಕಾ ಸುತ್ತಲಿಲ್ಲ. ಇನ್ಯಾರೋ ಮೈಕು ಹಿಡಿದಿದ್ದರು. ಹೇಗಿತ್ತು ಎಂದು ಕೇಳಿದೆ. "ಪಾಪ, ಹುಡುಗ... ಚಲೋ ಹೇಳ...ತಾನ," ಎಂದರು. ಅಲ್ಲೂ ನಡುವೆ ಬೆಲ್ಟು ಉಸಿರು ಎಳೆಯಿತು. ನಾನು ಅಡುಗೆಮನೆಗೆ ಹೋಗಿ ರೊಟ್ಟಿಯ ಹಿಟ್ಟು ನಾದತೊಡಗಿದೆ.

ಸೋಮವಾರ ಮೊದಲು ಮಾಡಿದ ಕೆಲಸವೆಂದರೆ ಟೆಸ್ಟ್ ಕೋಣೆಯ ಬೋರ್ಡು ಇಳಿಸಿದ್ದು. ಆಮೇಲೆ ಬೆಲ್ಟು ಕಟ್ಟಿಕೊಂಡವರನ್ನು ಡಾಕ್ಟರ ಎದುರಿಗೇ ಕೂರಿಸಿಕೊಂಡು ನಗಿಸತೊಡಗಿದೆವು. ನಗಿಸುವ ಕೆಲಸ ಯಾರಿಗೆ ಎಂದರೆ, ನಮ್ಮ ಮನೆಯವರಿಗೆ. ತುಂಡು ತುಂಡು ಮಾತಿನಲ್ಲೇ ನಗಿಸಿದರು. ಪೈಲವಾನನೊಬ್ಬನ ಲಂಗೋಟಿ ಸಡಿಲಾದ ಕಥೆಗೆ ಬೆಲ್ಟು ನಡುವೆ ಉಸಿರು ಎಳೆದು, ಎಲ್ಲಿ ನಿಲ್ಲಬಾರದೋ ಅಲ್ಲೇ ನಿಲ್ಲಿಸಿದರೆ ಎದುರಿಗಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಮುಸಿನಗು, ಗಹಗಹಿಸುವುದು, ತಡೆದುಕೊಂಡ ನಗು, ಅಳುವಿನ ಜೊತೆ ಬರುವ ನಗು, ಎಷ್ಟು ಬಗೆ! ಆರೋಹಿಯೂ ಬಂದಿದ್ದಳು. ಅವಳದು ಕೊನೆಯಲ್ಲಿ ಬಿಕ್ಕಳಿಕೆ ಬರುವ ನಗು. ಅದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಮೃತ್ಯುಂಜಯ ತಲೆ ಕೆರೆದುಕೊಂಡ.

ಮಳೆಗಾಲ ಕಳೆದು, ದೀಪಾವಳಿ ಮುಗಿದ ಮೇಲೆ ಆ ಕೆಲಸ ಹದಕ್ಕೆ ಬಂತು. ನಗು ಬಂದರೆ ಕಾಯಬಾರದು, 'ಹ'ಗಳ ನಡುವಿನ ಸಂದಿಯಲ್ಲಿ ಉಸಿರು ಕೊಡಬೇಕು, ಏನೇ ಆದರೂ ಇಷ್ಟಕ್ಕಿಂತ ಹೆಚ್ಚು ತಾಳಬಾರದು. ಶುಕ್ರವಾರವಾಗಿತ್ತು. ಗಿರಮಿಟ್ಟು ಇನ್ನೂ ಬಂದಿರಲಿಲ್ಲ. ಮೃತ್ಯುಂಜಯ ಯಾರೂ ಹೇಳದೆ ತಾನೇ ಒಂದೊಂದನ್ನೂ ಬೇರೆ ಮಾಡಿ, ಬೇರೆ ಬೇರೆ ಕಮಿಟ್ ಮಾಡಿದ. ಕೊನೆಯದಕ್ಕೆ ವಿವರ ಬರೆಯುವಾಗ ಎರಡು ಸಲ ಬರೆದು ಅಳಿಸಿದ. ಆಮೇಲೆ ಬರೆದದ್ದನ್ನು ನಾನು ಹಿಂದಿನಿಂದ ಓದಿದೆ: 'ನಮ್ಮ ಬೆಲ್ಟು ಕಟ್ಟಿಕೊಂಡವರು ನಗುತ್ತಾರೆ. ಅದು ನಮಗೆ ಗೊತ್ತಿರಲಿಲ್ಲ.'

ಹಸನವ್ವ ಏನನ್ನೂ ಕೇಳಲಿಲ್ಲ. ಒಪ್ಪಿತು.

ಡಾಕ್ಟರು ಹೂಂ ಎಂದ ಮೇಲೆ ಬಂದ ಮೊದಲ ಕುಸ್ತಿಗೆ ಇವರು ಪಟಕಾ ಸುತ್ತಿಕೊಂಡರು. ಮೃತ್ಯುಂಜಯ, ತಸ್ಲೀಮಾ ಮುಂದಿನ ಸಾಲಿನಲ್ಲಿ. ನಾನು ಮೈಕಿನ ಪಕ್ಕ, ಇವರ ಎಡಬದಿಗೆ. ಇವರು ಶುರು ಮಾಡಿದರು. ಕೆಂಪು ಮಣ್ಣು, ಹನುಮಂತ, ಹಾಲು ತುಪ್ಪ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕರೆದು ಕಣಕ್ಕೆ ಇಳಿಸಿದರು. ಜನ ಶಿಳ್ಳೆ ಹೊಡೆದರು. ಮೂರನೆಯ ಜೋಡಿಯಲ್ಲಿ ದಪ್ಪನೆಯ ಪೈಲವಾನನೊಬ್ಬ ಎದುರಾಳಿಯನ್ನು ಹಿಡಿಯಲು ಹೋಗಿ, ಜಾರಿ, ತೀರ್ಪುಗಾರರನ್ನೇ ಅಪ್ಪಿಕೊಂಡು ಉರುಳಿದ. ಕಣವೆಲ್ಲ ನಕ್ಕಿತು. ಇವರಿಗೂ ನಗು ತಡೆಯಲಾಗಲಿಲ್ಲ. ಮೈಕಿನಲ್ಲೇ ನಕ್ಕರು, ತಲೆ ಹಿಂದಕ್ಕೆ ಹಾಕಿ, ಭುಜ ಕುಣಿಸಿ, ಆ ಭಾನುವಾರ ನಕ್ಕ ಹಾಗೆಯೇ.

ನನ್ನ ಕೈ ತಾನಾಗಿಯೇ ಗುಂಡಿಗೆ ಹೋಯಿತು. ಬೆರಳ ಕೆಳಗೆ ಎದೆ ಉಬ್ಬಿತು. ನಾನು ಒತ್ತಿರಲಿಲ್ಲ. ಇವರು ನಗುತ್ತಲೇ ಇದ್ದರು, ಎದೆ ಮತ್ತೆ ಉಬ್ಬಿತು. ನಾನು ಕೈ ತೆಗೆದು ಚಪ್ಪಾಳೆ ತಟ್ಟಿದೆ.